‘ಚಾರ್ಜ್’ ಎಂಬ ಪದದ ಹಲವು ಅರ್ಥಗಳು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂಗ್ಲಿಷ್ ಕಲಿಕೆಯ ಬಗ್ಗೆ ಮಾತನಾಡಬೇಕೆಂದು ಸಂಘದವರು ನನಗೆ ಹೇಳಿದ್ದಾರೆ. ವ್ಯಾಕರಣದ ಪಾಠ ನಿಮಗೆ ತರಗತಿಯಲ್ಲಿ ಸಿಕ್ಕೇ ಸಿಗುತ್ತದೆ. ಈ ಅರ್ಧ ಗಂಟೆಯಲ್ಲಿ ನಾನು ಒಂದೇ ಒಂದು ಪದವನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಅದೂ ನಿಮಗೆ ಗೊತ್ತಿಲ್ಲದ ಪದವೇನಲ್ಲ. ಶಾಲೆಯ ಮೆಟ್ಟಿಲು ಹತ್ತದ ನಿಮ್ಮ ಅಜ್ಜಿಗೂ ಗೊತ್ತಿರುವ ಪದ.

ನಮ್ಮ ಮಕ್ಕಳು ಮನೆಯಲ್ಲಿ ಉರ್ದುವನ್ನೋ ಬ್ಯಾರಿಯನ್ನೋ ನವಾಯತಿಯನ್ನೋ ಮಾತನಾಡುತ್ತಾರೆ, ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಾರೆ, ಪಿಯುಸಿಗೆ ಬಂದೊಡನೆ ಇಂಗ್ಲಿಷಿನ ಎದುರು ನಿಲ್ಲುತ್ತಾರೆ. ಆಗ ಅವರು ಹೆದರುವುದು ಉದ್ದುದ್ದ ಪದಗಳಿಗೆ. ‘ಫೋಟೋಸಿಂಥೆಸಿಸ್’ ಎಂಬ ಪದ ಕಂಡರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅಂಥ ಪದ ಬಹಳ ಸಾಧು ಪ್ರಾಣಿ. ಅದಕ್ಕೆ ಒಂದೇ ಅರ್ಥ; ಒಮ್ಮೆ ಕಲಿತರೆ ಸಾಯುವತನಕ ಮೋಸ ಮಾಡುವುದಿಲ್ಲ. ಕಷ್ಟ ಕೊಡುವವು ನಾಲ್ಕೈದು ಅಕ್ಷರದ ಚಿಕ್ಕ ಪದಗಳು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಹೆಚ್ಚು ಜಾಗ ತೆಗೆದುಕೊಂಡಿದ್ದು ‘ಸೆಟ್’ ಎಂಬ ಪುಟ್ಟ ಕ್ರಿಯಾಪದ; ಅದಕ್ಕೆ 430ಕ್ಕೂ ಹೆಚ್ಚು ಅರ್ಥಗಳನ್ನು ಕೊಟ್ಟಿದ್ದರು. ಪರಿಷ್ಕರಣೆ ಮುಂದುವರಿದು 2011ರ ಹೊತ್ತಿಗೆ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ!

ಇದೇನು ಇಂಗ್ಲಿಷಿನ ಹುಚ್ಚಾಟ ಎಂದು ನಗಬೇಡಿ. ನಮ್ಮ ಕನ್ನಡದ ‘ಹಿಡಿ’ಯನ್ನು ನೋಡಿ. ಮೀನು ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ, ಹಟ ಹಿಡಿಯುತ್ತೇವೆ. ನೆಗಡಿ ಹಿಡಿಯುತ್ತದೆ, ತುಕ್ಕು ಹಿಡಿಯುತ್ತದೆ, ಮಳೆ ಹಿಡಿಯುತ್ತದೆ, ಕೆಲಸಕ್ಕೆ ಸಮಯ ಹಿಡಿಯುತ್ತದೆ. ಇದರಲ್ಲಿ ಒಂದನ್ನಾದರೂ ನಿಮಗೆ ಯಾರಾದರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದ್ದುಂಟೇ? ಇಲ್ಲ. ಅಕ್ಕಪಕ್ಕದಲ್ಲಿ ಯಾವ ಪದ ಇದೆ ಎಂದು ನೋಡಿ ಅರ್ಥ ಮಾಡಿಕೊಂಡಿರಿ. ಈ ವಿದ್ಯೆ ನಿಮ್ಮಲ್ಲಿ ಆಗಲೇ ಇದೆ. ಇಂಗ್ಲಿಷ್ ಓದುವಾಗ ಮಾತ್ರ ಅದನ್ನು ಮನೆಯಲ್ಲಿ ಬಿಟ್ಟು ಬರುತ್ತೀರಿ.

ಈಗ ನನ್ನ ಪದಕ್ಕೆ ಬರುತ್ತೇನೆ: ‘ಚಾರ್ಜ್’. ಬೆಳಿಗ್ಗೆ ಎದ್ದು ಮೊಬೈಲನ್ನು ಚಾರ್ಜಿಗೆ ಹಾಕುತ್ತೀರಿ. ಬಸ್ಸಿನಲ್ಲಿ ಬಸ್ ಚಾರ್ಜ್ ಕೊಡುತ್ತೀರಿ. ಶಾಲೆಗೆ ಹೋದರೆ ಅಲ್ಲಿ ಇನ್‌ಚಾರ್ಜ್ ಹೆಡ್‌ಮಾಸ್ಟರು ಕುಳಿತಿರುತ್ತಾರೆ. ಹೊಸ ತಹಸೀಲ್ದಾರರು ನಿನ್ನೆಯಷ್ಟೆ ಚಾರ್ಜ್ ತೆಗೆದುಕೊಂಡರಂತೆ. ಕರೆಂಟ್ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್. ಪೇಪರ್ ತೆರೆದರೆ ಒಂದು ಕಡೆ ಚಾರ್ಜ್‌ಶೀಟ್, ಇನ್ನೊಂದು ಕಡೆ ಲಾಠಿ ಚಾರ್ಜ್. ಒಂದೇ ಪದ, ಒಮ್ಮೆ ವಿದ್ಯುತ್ತು, ಒಮ್ಮೆ ದುಡ್ಡು, ಒಮ್ಮೆ ಅಧಿಕಾರ, ಒಮ್ಮೆ ಆರೋಪ, ಒಮ್ಮೆ ಬೆನ್ನ ಮೇಲೆ ಪೆಟ್ಟು. ಇವುಗಳಿಗೆ ಪರಸ್ಪರ ಏನಾದರೂ ಸಂಬಂಧ ಇದೆಯೇ?

ಇದೆ. ಅದನ್ನು ತಿಳಿಯಲು ಎರಡು ಸಾವಿರ ವರ್ಷ ಹಿಂದಕ್ಕೆ, ರೋಮನ್ನರ ಗಾಡಿಯ ಹತ್ತಿರ ಹೋಗಬೇಕು. ಲ್ಯಾಟಿನ್ ಭಾಷೆಯಲ್ಲಿ ಗಾಡಿಗೆ ‘ಕಾರ್ರುಸ್’ ಎನ್ನುತ್ತಿದ್ದರು. ನೀವು ಹತ್ತುವ ‘ಕಾರು’ ಅದರ ವಂಶದ್ದೇ. ಗಾಡಿಗೆ ಹೊರೆ ಹೇರುವುದಕ್ಕೆ ‘ಕಾರ್ರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು. ಅದು ಫ್ರೆಂಚಿಗೆ ಬಂದು ರೂಪ ಬದಲಿಸಿಕೊಂಡು, ಅಲ್ಲಿಂದ ಇಂಗ್ಲಿಷಿಗೆ ಇಳಿದು ‘ಚಾರ್ಜ್’ ಆಯಿತು. ಹಡಗಿಗೆ ತುಂಬುವ ‘ಕಾರ್ಗೋ’ ಸ್ಪ್ಯಾನಿಷ್ ದಾರಿಯಿಂದ ಬಂದ ಅದರ ದಾಯಾದಿ. ಒಬ್ಬನ ಮೂಗನ್ನೋ ಕಿವಿಯನ್ನೋ ಹೇರಿಕೆಯಾಗುವಷ್ಟು ದೊಡ್ಡದು ಮಾಡಿ ಬರೆಯುವ ‘ಕ್ಯಾರಿಕೇಚರ್’ ಇಟಲಿಯ ದಾರಿಯಿಂದ ಬಂದದ್ದು. ಅಮ್ಮ ಕಟ್ಟಿಕೊಡುವ ಟಿಫಿನ್ ಕ್ಯಾರಿಯರ್ ಕೂಡ ಗಾಡಿಯ ಕುಟುಂಬದ್ದೇ. ಇನ್ನು ಈ ಸಮಾವೇಶದಲ್ಲಿ ಬೆಳಗಿನಿಂದ ಎಲ್ಲ ಭಾಷಣಕಾರರೂ ಹೇಳುತ್ತಿರುವ ‘ಕೆರಿಯರ್’? ಅದು ಗಾಡಿ ಓಡುವ ರಸ್ತೆ.

ಅಂದರೆ ಚಾರ್ಜ್‌ನ ಮೂಲ ಅರ್ಥ ‘ಹೊರೆ ಹೇರು’ ಎಂದು. ಈ ಒಂದು ಬೀಗದ ಕೈ ಸಿಕ್ಕರೆ ಉಳಿದ ಬಾಗಿಲುಗಳು ತಾವೇ ತೆರೆಯುತ್ತವೆ. ದುಡ್ಡಿನ ಹೊರೆ ಹೊರಿಸಿದರೆ ಶುಲ್ಕ. ಕೆಲಸದ ಹೊರೆ ಹೊರಿಸಿದರೆ ಜವಾಬ್ದಾರಿ. ತಪ್ಪಿನ ಹೊರೆ ಹೊರಿಸಿದರೆ ಆರೋಪ. ವಿಚಿತ್ರವೆಂದರೆ ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ನಾವು ಆರೋಪವನ್ನು ‘ಹೊರಿಸುತ್ತೇವೆ’. ಅಧಿಕಾರಿ ‘ಕಾರ್ಯಭಾರ’ ವಹಿಸಿಕೊಳ್ಳುತ್ತಾರೆ. ಇನ್‌ಚಾರ್ಜ್ ಹೆಡ್‌ಮಾಸ್ಟರಿಗೆ ಸರ್ಕಾರಿ ಕನ್ನಡದಲ್ಲಿ ‘ಪ್ರಭಾರ ಮುಖ್ಯೋಪಾಧ್ಯಾಯರು’ ಎನ್ನುತ್ತಾರೆ. ಜಮೀನಿನ ಮೇಲೆ ಸಾಲವಿದ್ದರೆ ‘ಋಣಭಾರ’. ಉತ್ತರ ಕರ್ನಾಟಕದ ಕಡೆ ಅದನ್ನೇ ಪಹಣಿಯಲ್ಲಿ ‘ಬೋಜಾ’ ದಾಖಲಾಗಿದೆ ಎನ್ನುತ್ತಾರೆ. ಉರ್ದು ಬಲ್ಲವರಿಗೆ ‘ಬೋಜ್’ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಎಲ್ಲ ಕಡೆಯೂ ಭಾರವೇ.

ವಿದ್ಯುತ್ತಿಗೆ ಈ ಹೆಸರು ಬಂದ ಕತೆ ಇನ್ನೂ ಸೊಗಸಾಗಿದೆ. ಬಂದೂಕಿಗೋ ಫಿರಂಗಿಗೋ ಒಂದು ಸಲಕ್ಕೆ ತುಂಬುವ ಮದ್ದಿಗೆ ಚಾರ್ಜ್ ಎನ್ನುತ್ತಿದ್ದರು. ಅದೂ ಹೇರುವುದೇ ತಾನೆ. 1740ರ ದಶಕದಲ್ಲಿ ಯೂರೋಪಿನಲ್ಲಿ ಲೇಡನ್ ಜಾಡಿ ಎಂಬ ಗಾಜಿನ ಉಪಕರಣ ಬಂತು. ಅದರಲ್ಲಿ ವಿದ್ಯುತ್ತನ್ನು ಕೂಡಿಡಬಹುದಾಗಿತ್ತು, ಮುಟ್ಟಿದರೆ ಗುಂಡು ಹಾರಿದಂತೆ ಝಟಕಾ ಹೊಡೆಯುತ್ತಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಈ ಜಾಡಿಗಳ ಮೇಲೆ ಪ್ರಯೋಗ ಮಾಡಿ ಬರೆದ ಪತ್ರಗಳು 1751ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಜಾಡಿಗೆ ವಿದ್ಯುತ್ತು ತುಂಬುವುದನ್ನು ಅವರು ಚಾರ್ಜ್ ಎಂದರು. ಹಲವು ಗಾಜಿನ ಫಲಕಗಳನ್ನು ಒಟ್ಟಿಗೆ ಜೋಡಿಸಿದ್ದಕ್ಕೆ ‘ಬ್ಯಾಟರಿ’ ಎಂದು ಹೆಸರಿಟ್ಟರು. ಬ್ಯಾಟರಿ ಎಂದರೆ ಆಗ ಫಿರಂಗಿಗಳ ಸಾಲು! ನಿಮ್ಮ ಜೇಬಿನ ಮೊಬೈಲಿನಲ್ಲಿ ಸೈನ್ಯದ ಎರಡು ಪದಗಳು ಕೂತಿವೆ.

ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ಮೊಬೈಲಿನಲ್ಲಿ ‘ಚಾರ್ಜ್ ಫುಲ್ ಆಯ್ತು’ ಎನ್ನುತ್ತೇವಲ್ಲ, ಭೌತಶಾಸ್ತ್ರದ ಅರ್ಥದಲ್ಲಿ ಅಲ್ಲಿ ಚಾರ್ಜ್ ತುಂಬಿರುವುದಿಲ್ಲ. ಒಂದು ತುದಿಯಿಂದ ಎಷ್ಟು ಒಳಗೆ ಹೋಗುತ್ತದೆಯೋ ಇನ್ನೊಂದು ತುದಿಯಿಂದ ಅಷ್ಟೇ ಹೊರಗೆ ಬರುತ್ತದೆ. ಬ್ಯಾಟರಿಯ ಒಟ್ಟು ಚಾರ್ಜ್ ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ತುಂಬಿದ್ದು ಶಕ್ತಿ. ಬಳಕೆಯ ಮಾತಿಗೂ ಶಾಸ್ತ್ರದ ಮಾತಿಗೂ ಇಷ್ಟು ಅಂತರ. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಇದಕ್ಕೆ ‘ವಿದ್ಯುದಾವೇಶ’ ಎಂದು ಬರೆಯುತ್ತಾರೆ. ನಮ್ಮ ಕೆಲವು ಭಾಷಣಕಾರರಿಗೆ ಮೈಕ್ ಮುಟ್ಟಿದೊಡನೆ ಬರುವುದೂ ಅದೇ ಇರಬೇಕು.

ಮೇಲೆರಗುವ ಅರ್ಥ ರಣರಂಗದ್ದು. ಕುದುರೆ ಸವಾರರು ಒಟ್ಟಾಗಿ ಶತ್ರುವಿನ ಮೇಲೆ ಬೀಳುವುದು ಚಾರ್ಜ್. ಕ್ರೈಮಿಯಾ ಯುದ್ಧದಲ್ಲಿ 1854ರ ಅಕ್ಟೋಬರ್ 25ರಂದು ಬ್ರಿಟಿಷ್ ಸವಾರರ ಪಡೆಯೊಂದು ತಪ್ಪಾಗಿ ತಲುಪಿದ ಆಜ್ಞೆಯಂತೆ ನೇರವಾಗಿ ರಷ್ಯನ್ ಫಿರಂಗಿಗಳ ಬಾಯಿಗೆ ನುಗ್ಗಿತು. ಟೆನಿಸನ್ ಕವಿಯ ಪದ್ಯದಿಂದ ಅದು ಲೋಕಕ್ಕೆಲ್ಲ ಗೊತ್ತಾಯಿತು. ನಮ್ಮಲ್ಲಿ ಕುದುರೆಯ ಜಾಗಕ್ಕೆ ಲಾಠಿ ಬಂತು. ‘ಲಘು ಲಾಠಿ ಪ್ರಹಾರ’ ಎಂದು ಪತ್ರಿಕೆಗಳು ಬರೆಯುತ್ತವೆ. ಈ ‘ಲಘು’ ಎಂಬುದನ್ನು ಪೆಟ್ಟು ತಿಂದವರನ್ನು ಕೇಳಿ ಬರೆದಿರಲಾರರು.

ಇನ್ನು ಪರೀಕ್ಷೆಯಲ್ಲೂ ಜೀವನದಲ್ಲೂ ಎಡವುವ ಜಾಗಗಳಿಗೆ ಬರೋಣ. ಚಾರ್ಜ್‌ನ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದೇ ಇಲ್ಲಿ ಮುಖ್ಯ. ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವರು. ‘ಇನ್ ದಿ ಚಾರ್ಜ್ ಆಫ್’ ಎಂದರೆ ಇನ್ನೊಬ್ಬರ ವಶದಲ್ಲಿರುವವರು. ಟೀಚರ್ ಮಕ್ಕಳ ‘ಇನ್ ಚಾರ್ಜ್’. ಮಕ್ಕಳು ಟೀಚರ ‘ಇನ್ ದಿ ಚಾರ್ಜ್’. ಒಂದು ‘ದಿ’ ಬಂದು ಕೂತರೆ ಆಳುವವರು ಆಳಿಸಿಕೊಳ್ಳುವವರಾಗುತ್ತಾರೆ. ‘ದಿ’ ಹಾಕಿದರೂ ಬಿಟ್ಟರೂ ನಡೆಯುತ್ತದೆ ಎನ್ನುವ ವಿದ್ಯಾರ್ಥಿಗಳು ದಯವಿಟ್ಟು ಇದನ್ನು ನೆನಪಿಡಬೇಕು. ಇಂಗ್ಲಿಷ್ ಕತೆಗಳಲ್ಲಿ ಟೀಚರ್ ತನ್ನ ‘ಚಾರ್ಜಸ್’ ಜೊತೆ ತೋಟಕ್ಕೆ ಹೋದರು ಎಂದು ಬರುವುದುಂಟು. ಅಲ್ಲಿ ಆರೋಪಗಳೂ ಇಲ್ಲ, ಫೀಸೂ ಇಲ್ಲ. ಅವರ ಸುಪರ್ದಿಯಲ್ಲಿರುವ ಮಕ್ಕಳು, ಅಷ್ಟೆ.

‘ಚಾರ್ಜ್ ಫಾರ್’ ಎಂದರೆ ದುಡ್ಡು. ‘ಚಾರ್ಜ್ ಅಟ್’ ಎಂದರೆ ನುಗ್ಗುವುದು. ‘ಚಾರ್ಜ್ಡ್ ವಿತ್’ ಎಂದರೆ? ಇಲ್ಲಿ ಆ ಒಂದು ಪದವೂ ಸಾಲದು, ಅದರ ಮುಂದಿನದನ್ನೂ ಓದಬೇಕು. ಕಳ್ಳತನವಿದ್ದರೆ ಆರೋಪ. ಕರ್ತವ್ಯವಿದ್ದರೆ ಹೊಣೆ. ಚುನಾವಣೆ ನಡೆಸುವ ಕೆಲಸಕ್ಕೆ ಚುನಾವಣಾ ಆಯೋಗ ‘ಚಾರ್ಜ್ಡ್ ವಿತ್’ ಎಂಬ ವಾಕ್ಯವನ್ನು ಕೊಟ್ಟು ಅನುವಾದಿಸಿ ಎಂದರೆ, ಆಯೋಗದ ಮೇಲೆ ಚುನಾವಣೆ ನಡೆಸಿದ ಆರೋಪ ಹೊರಿಸುವವರು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇರುತ್ತಾರೆ. ‘ವಿತೌಟ್ ಚಾರ್ಜ್’ ಇನ್ನೂ ತೊಡಕು. ಔಷಧಿಯನ್ನು ‘ವಿತೌಟ್ ಚಾರ್ಜ್’ ಕೊಟ್ಟರು ಎಂದರೆ ಉಚಿತವಾಗಿ. ಒಬ್ಬ ಮನುಷ್ಯನನ್ನು ‘ವಿತೌಟ್ ಚಾರ್ಜ್’ ಇಟ್ಟುಕೊಂಡರು ಎಂದರೆ ದೋಷಾರೋಪ ಹೊರಿಸದೆಯೇ ಬಂಧನದಲ್ಲಿ ಇಟ್ಟರು. ಮೊದಲನೆಯದು ಉಪಕಾರ, ಎರಡನೆಯದು ಒಂದು ಕುಟುಂಬದ ನಿದ್ದೆ ಕೆಡಿಸುವ ಸಂಗತಿ.

ಈ ಎರಡನೆಯದರ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪದದ ಅರ್ಥ ಇಲ್ಲಿ ಅಂಕಕ್ಕಿಂತ ದೊಡ್ಡದು.

ಒಬ್ಬ ಹುಡುಗನ ಹೆಸರು ಪೇಪರಿನಲ್ಲಿ ‘ಚಾರ್ಜ್‌ಶೀಟ್’ ಎಂಬ ಪದದ ಪಕ್ಕದಲ್ಲಿ ಬಂದರೆ ಸಾಕು, ಬೀದಿಯವರು ತೀರ್ಪು ಕೊಟ್ಟುಬಿಡುತ್ತಾರೆ. ಬಂದ ಸಂಬಂಧ ತಪ್ಪುತ್ತದೆ, ಕೆಲಸ ತಪ್ಪುತ್ತದೆ. ಆದರೆ ಚಾರ್ಜ್‌ಶೀಟ್ ಎಂದರೆ ಏನು? ಅದು ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಕೊಡುವ ವರದಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 173ನೆಯ ಸೆಕ್ಷನ್, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೆಯ ಸೆಕ್ಷನ್ ಅದರ ಬಗ್ಗೆ ಹೇಳುತ್ತವೆ. ಕಾನೂನು ಅದನ್ನು ‘ಪೊಲೀಸ್ ವರದಿ’ ಎಂದೇ ಕರೆಯುತ್ತದೆ. ಚಾರ್ಜ್‌ಶೀಟ್ ಎಂಬುದು ರೂಢಿಯ ಹೆಸರು. ಅದನ್ನು ಓದಿದ ನ್ಯಾಯಾಧೀಶರು, ವಿಚಾರಣೆ ನಡೆಸಲು ಆಧಾರವಿದೆ ಎನಿಸಿದರೆ, ತಾವೇ ಚಾರ್ಜನ್ನು ರೂಪಿಸುತ್ತಾರೆ, ಆರೋಪಿಗೆ ಓದಿ ವಿವರಿಸುತ್ತಾರೆ, ಒಪ್ಪುತ್ತೀಯಾ ಎಂದು ಕೇಳುತ್ತಾರೆ. ಆಧಾರವಿಲ್ಲ ಎನಿಸಿದರೆ ಅಲ್ಲಿಯೇ ‘ಡಿಸ್ಚಾರ್ಜ್’. ಅಂದರೆ ಚಾರ್ಜ್‌ಶೀಟ್ ಒಂದು, ಚಾರ್ಜ್ ಇನ್ನೊಂದು, ಶಿಕ್ಷೆ ಬಹಳ ದೂರದ ಮತ್ತೊಂದು. ಕನ್ನಡದಲ್ಲಿ ‘ಆರೋಪಿ’ ಮತ್ತು ‘ಅಪರಾಧಿ’ ಎಂಬ ಎರಡು ಬೇರೆ ಬೇರೆ ಪದಗಳಿವೆ. ನಾವು ಮಾತ್ರ ಅವನ್ನು ಒಂದೇ ಮಾಡಿ ಆಡುತ್ತೇವೆ, ನಮ್ಮವರ ಬಗ್ಗೆಯೂ, ಇತರರ ಬಗ್ಗೆಯೂ.

ದಿನಗಳ ಲೆಕ್ಕವನ್ನೂ ತಿಳಿದಿರಿ. ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೆಯ ವಿಧಿ. ಮುನ್ನೆಚ್ಚರಿಕೆಯ ಬಂಧನಕ್ಕೆ ಅದೇ ವಿಧಿಯಲ್ಲಿ ಬೇರೆ ನಿಯಮಗಳಿವೆ. ಸಾಮಾನ್ಯ ಕಾನೂನಿನಲ್ಲಿ ಅಪರಾಧದ ಗಾತ್ರ ನೋಡಿಕೊಂಡು 60 ಅಥವಾ 90 ದಿನದೊಳಗೆ ತನಿಖೆ ಮುಗಿದು ವರದಿ ಸಲ್ಲಿಕೆಯಾಗದಿದ್ದರೆ, ಕೇಳಿ ಜಾಮೀನು ಪಡೆಯುವ ಹಕ್ಕು ಆರೋಪಿಗೆ ಹುಟ್ಟುತ್ತದೆ. ಕೆಲವು ವಿಶೇಷ ಕಾಯ್ದೆಗಳಲ್ಲಿ ಗಡುವು ಇನ್ನೂ ದೀರ್ಘ. ‘ಕೇಳಿ’ ಎಂಬ ಪದವನ್ನು ಗಮನಿಸಿ. ಅರ್ಜಿ ಹಾಕದೆ ಸುಮ್ಮನೆ ಕೂತಿದ್ದಾಗ ವರದಿ ಬಂದುಬಿಟ್ಟರೆ ಆ ಹಕ್ಕು ಕೈ ಜಾರುತ್ತದೆ.

ಡಿಸ್ಚಾರ್ಜ್ ಎಂದೆನಲ್ಲ, ಅದು ಹೊರೆ ಇಳಿಸುವುದು. ಆಸ್ಪತ್ರೆಯಿಂದ ರೋಗಿ ಡಿಸ್ಚಾರ್ಜ್, ಮೊಬೈಲಿನ ಬ್ಯಾಟರಿ ಡಿಸ್ಚಾರ್ಜ್, ಸಾಲ ತೀರಿದರೆ ಡಿಸ್ಚಾರ್ಜ್, ಕೆ.ಆರ್.ಎಸ್. ಅಣೆಕಟ್ಟೆಯಿಂದ ಹೊರಗೆ ಬಿಡುವ ನೀರಿನ ಲೆಕ್ಕವೂ ಡಿಸ್ಚಾರ್ಜ್. ಕೋರ್ಟಿನಲ್ಲಿ ಮಾತ್ರ ಇದನ್ನು ಖುಲಾಸೆಯೊಂದಿಗೆ ಬೆರೆಸಬಾರದು. ಡಿಸ್ಚಾರ್ಜ್ ಆದದ್ದು ವಿಚಾರಣೆ ಶುರುವಾಗುವ ಮೊದಲು. ಖುಲಾಸೆ ಬರುವುದು ವಿಚಾರಣೆ ಮುಗಿದ ಮೇಲೆ. ‘ಖುಲಾಸೆ’ ಎಂದೊಡನೆ ಉರ್ದು ಮಾಧ್ಯಮದ ಮಕ್ಕಳು ಹುಬ್ಬೇರಿಸುತ್ತಿದ್ದೀರಿ, ನೋಡಿದೆ. ನಿಮ್ಮ ಪುಸ್ತಕದಲ್ಲಿ ಅದು ಪಾಠದ ಸಾರಾಂಶ, ಕನ್ನಡ ಪೇಪರಿನಲ್ಲಿ ಕೇಸಿನಿಂದ ಬಿಡುಗಡೆ. ‘ಅಮಾನತ್’ ಎಂದರೆ ನಿಮಗೆ ನಂಬಿ ಒಪ್ಪಿಸಿದ ವಸ್ತು. ಕನ್ನಡದಲ್ಲಿ ಒಬ್ಬ ಗುಮಾಸ್ತರು ‘ಅಮಾನತು’ ಆದರು ಎಂದರೆ ಅವರನ್ನು ಯಾರೂ ಸದ್ಯಕ್ಕೆ ನಂಬುತ್ತಿಲ್ಲ ಎಂದರ್ಥ! ಗಡಿ ದಾಟಿದ ಪದ ಅಲ್ಲಿಯ ನೀರು ಕುಡಿದು ಬೇರೆಯೇ ಆಗುತ್ತದೆ.

ಕೆಲಸಕ್ಕೆ ಸೇರುವಾಗ ತುಂಬುವ ಪರಿಶೀಲನಾ ನಮೂನೆಗಳಲ್ಲಿ ಈ ಪದಗಳೆಲ್ಲ ಸಾಲಾಗಿ ನಿಂತಿರುತ್ತವೆ. ಎಂದಾದರೂ ‘ಅರೆಸ್ಟ್’ ಆಗಿದ್ದೀರಾ, ‘ಪ್ರಾಸಿಕ್ಯೂಟ್’ ಆಗಿದ್ದೀರಾ, ‘ಚಾರ್ಜ್’ ಆಗಿದ್ದೀರಾ, ‘ಕನ್ವಿಕ್ಟ್’ ಆಗಿದ್ದೀರಾ, ಯಾವುದಾದರೂ ಪ್ರಕರಣ ಬಾಕಿ ಇದೆಯೇ. ಇವು ಐದು ಬೇರೆ ಪ್ರಶ್ನೆಗಳು. ಎಲ್ಲಕ್ಕೂ ಒಂದೇ ಅರ್ಥ ಎಂದುಕೊಂಡು, ಶಿಕ್ಷೆ ಆಗಿಲ್ಲವಲ್ಲ ಎಂದು, ಎಲ್ಲದರ ಮುಂದೆಯೂ ‘ನೋ’ ಎಂದು ಬರೆದುಬಿಡುವವರಿದ್ದಾರೆ. ಮುಂದೆ ಪೊಲೀಸ್ ವರದಿ ಬಂದಾಗ ಹಳೆಯ ಕೇಸು ದೊಡ್ಡದಾಗಿ ಕಾಣುವುದಿಲ್ಲ, ಮುಚ್ಚಿಟ್ಟದ್ದೇ ದೊಡ್ಡದಾಗಿ ಕಾಣುತ್ತದೆ. ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿತು. ಕೊಡುವ ಮಾಹಿತಿ ಸತ್ಯವಾಗಿರಬೇಕು ಎಂದಿತು. ಜೊತೆಗೆ, ನಮೂನೆಯಲ್ಲಿ ಪ್ರಶ್ನೆ ಸ್ಪಷ್ಟವಾಗಿರಬೇಕು, ಸ್ಪಷ್ಟವಾಗಿ ಕೇಳಿದ್ದನ್ನು ತಿಳಿಸಿದರೆ ಸಾಕು ಎಂದಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ ಉದ್ಯೋಗ ಕೊಡುವವರು ವಿವೇಚನೆಯಿಂದ ಅದನ್ನು ಕಡೆಗಣಿಸಬಹುದು ಎಂದೂ ಹೇಳಿತು. ಆದ್ದರಿಂದ ಅಂಥ ಕಾಗದ ಕೈಗೆ ಬಂದಾಗ ಪಕ್ಕದವನನ್ನು ನೋಡಿ ತುಂಬಬೇಡಿ. ಒಂದೊಂದು ಪದಕ್ಕೂ ನಿಂತು, ತಿಳಿಯದಿದ್ದರೆ ವಕೀಲರನ್ನು ಕೇಳಿ, ಆಮೇಲೆ ಪೆನ್ನು ಎತ್ತಿ.

ಹಿರಿಯರಿಗೂ ಒಂದು ಮಾತಿದೆ. ಸೈಟು ಕೊಳ್ಳುವಾಗ ನೀವು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸುವ ಋಣಭಾರ ಪ್ರಮಾಣಪತ್ರದಲ್ಲೂ ಈ ಪದವೇ ಅಡಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೆಯ ಸೆಕ್ಷನ್ ಪ್ರಕಾರ, ಒಬ್ಬರ ಸ್ಥಿರಾಸ್ತಿ ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿದ್ದು, ಅದು ಅಡಮಾನದ ಮಟ್ಟಕ್ಕೆ ಹೋಗದಿದ್ದರೆ ಅದಕ್ಕೆ ‘ಚಾರ್ಜ್’ ಎಂದು ಹೆಸರು. ನಮ್ಮ ರಾಜ್ಯದಲ್ಲಿ ನೋಂದಾಯಿತ ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ‘ಯಾವ ಚಾರ್ಜೂ ಇಲ್ಲ’ ಎಂದು ದಲ್ಲಾಳಿ ಹೇಳಿದರೆ, ಅವನ ಕಮಿಷನ್ ಬಗ್ಗೆ ಹೇಳುತ್ತಿದ್ದಾನೋ ಜಾಗದ ಮೇಲಿನ ಸಾಲದ ಬಗ್ಗೆ ಹೇಳುತ್ತಿದ್ದಾನೋ ಕೇಳಿಕೊಳ್ಳಿ.

ಇಷ್ಟನ್ನೂ ಕಲಿಯುವುದು ಹೇಗೆ ಎಂದು ಕೇಳುತ್ತೀರಿ. ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಒಂದೊಂದು ಚಿಕ್ಕ ಪದಕ್ಕೆ ಒಂದು ಪುಟ ಬಿಡಿ. ಅರ್ಥ ಬರೆಯಬೇಡಿ, ಪದ ಸಿಕ್ಕ ಇಡೀ ವಾಕ್ಯವನ್ನು ಬರೆಯಿರಿ. ಪೇಪರಿನಲ್ಲಿ, ಔಷಧಿಯ ಚೀಟಿಯಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ, ಎಲ್ಲಿ ಸಿಕ್ಕರೂ ಸರಿ. ಐದಾರು ವಾಕ್ಯ ಒಂದೇ ಪುಟದಲ್ಲಿ ಕೂಡಿದ ಮೇಲೆ ನಿಘಂಟು ತೆಗೆದು, ಯಾವ ವಾಕ್ಯ ಯಾವ ಅರ್ಥದ ಕೆಳಗೆ ಬರುತ್ತದೆ ಎಂದು ಹೊಂದಿಸಿ ನೋಡಿ. ನಿಘಂಟಿನ ಮೊದಲ ಅರ್ಥವನ್ನೇ ಹಿಡಿದು ಓಡುವ ಅಭ್ಯಾಸ ಹಾಗೆ ಬಿಡುತ್ತದೆ.

ಮೊದಲ ಪುಟಕ್ಕೆ ‘ಚಾರ್ಜ್’ ಬೇಡ, ಅದರ ಕೆಲಸ ಇವತ್ತು ಅರ್ಧ ಮುಗಿದಿದೆ. ‘ಇಷ್ಯೂ’ ಎಂಬ ಪದದಿಂದ ಶುರು ಮಾಡಿ. ಪಾಸ್‌ಪೋರ್ಟ್ ಇಷ್ಯೂ ಆಗುತ್ತದೆ, ಪತ್ರಿಕೆಯ ಹೊಸ ಇಷ್ಯೂ ಬರುತ್ತದೆ, ಕಂಪನಿ ಷೇರು ಇಷ್ಯೂ ಮಾಡುತ್ತದೆ, ಸಿವಿಲ್ ಕೋರ್ಟಿನಲ್ಲಿ ಇಷ್ಯೂ ಫ್ರೇಮ್ ಮಾಡುತ್ತಾರೆ. ಹಳೆಯ ಆಸ್ತಿ ಪತ್ರವೊಂದರಲ್ಲಿ ಇಂಥವರು ‘ವಿತೌಟ್ ಇಷ್ಯೂ’ ತೀರಿಕೊಂಡರು ಎಂದು ಬರೆದಿದ್ದರೆ, ಅವರಿಗೆ ತಕರಾರು ಇರಲಿಲ್ಲ ಎಂದಲ್ಲ, ಮಕ್ಕಳಿರಲಿಲ್ಲ ಎಂದು. ಉಳಿದವನ್ನು ನೀವು ಹುಡುಕಿ ಬರೆದುಕೊಳ್ಳಿ.